ಒಣಗಿದ ಉಮ್ಮತ್ತಿ ಮತ್ತು ಅವ್ವನ ಉರ್ದು

ನಿವೃತ್ತಿಗೆ ಇನ್ನೆರಡು ವರ್ಷ ಇದ್ದಾಗ, ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರವೇ, ನಮ್ಮ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. ನಾನು ಆಗ ನಾರಾಯಣಗೂಡದ ಒಂದು ಹಳೆಯ ಶಾಲೆಯಲ್ಲಿ ಒಂಬತ್ತು, ಹತ್ತನೆಯ ತರಗತಿಗಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದೆ. ಪ್ರಯೋಗಾಲಯದ ಹಿಂದಿನ ಗೋಡೆಗೆ ಸ್ಮಾರ್ಟ್ ಬೋರ್ಡ್ ಬರುತ್ತದೆ, ಅಲ್ಲಿ ನಿಂತಿರುವ ಮರದ ಬೀರುವನ್ನು ಖಾಲಿ ಮಾಡಿಸಿ ಎಂದರು.

"ಅದರೊಳಗೆ ಏನಿದೆ?" ಎಂದು ತೆಲುಗಿನಲ್ಲಿ ಕೇಳಿದರು.

"ಒಣಗಿದ ಗಿಡಗಳು, ಮೇಡಂ. ಬಹಳ ಹಳೆಯವು."

"ಯಾರೂ ನೀರು ಹಾಕಲಿಲ್ಲವೇ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿದ ಹೆಂಗಸು. ನಾನು ಕೂಡ ಗಂಭೀರವಾಗಿಯೇ, ಅವು ಒಣಗಲಿ ಎಂದೇ ಇಟ್ಟ ಗಿಡಗಳೆಂದು ವಿವರಿಸಿದೆ. ಕಿತ್ತ ಗಿಡವನ್ನು ಕಾಗದದ ನಡುವೆ ಒತ್ತಿ, ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಹೆಸರು, ಊರು ಬರೆದ ಚೀಟಿ ಹಚ್ಚುವುದು ಒಂದು ಕಾಲದಲ್ಲಿ ನಮ್ಮ ವಿಷಯದ ದೊಡ್ಡ ಕೆಲಸವಾಗಿತ್ತು. "ಸರಿ, ನೋಡಿ, ಬೇಡದ್ದನ್ನು ರದ್ದಿಗೆ ಹಾಕಿ" ಎಂದು ಅವರು ಬೇರೆ ಕಡತ ಎತ್ತಿಕೊಂಡರು.

ಅವರನ್ನು ನೋಡಿ ನಗಲು ನನಗೆ ಯೋಗ್ಯತೆ ಇರಲಿಲ್ಲ. ಆ ಬೀರುವನ್ನು ನಾನೇ ಹದಿನೈದು ವರ್ಷಗಳಿಂದ ತೆರೆದಿರಲಿಲ್ಲ. ನನ್ನ ತರಗತಿಯ ಮಕ್ಕಳು ಗಿಡ ಕೀಳುವುದನ್ನು ಎಂದೋ ಬಿಟ್ಟಿದ್ದರು. ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಇಪ್ಪತ್ತು ಗಿಡಗಳ ಸಿದ್ಧ ಫೈಲು ಸಿಗುತ್ತಿತ್ತು. ವಿದ್ಯಾರ್ಥಿಯ ಹೆಸರು ಬರೆಯುವ ಜಾಗ ಮಾತ್ರ ಖಾಲಿ. ನಲವತ್ತು ಮಕ್ಕಳೂ ಅದನ್ನೇ ತಂದುಕೊಡುತ್ತಿದ್ದರು. ನಲವತ್ತಕ್ಕೂ ನಾನು ಸಹಿ ಹಾಕುತ್ತಿದ್ದೆ. ಒಂದು ವರ್ಷ ಒಬ್ಬನ ಫೈಲಿನಲ್ಲಿ ತುಳಸಿಯ ಹೆಸರಿನ ಕೆಳಗೆ ಕರಿಬೇವು ಇತ್ತು. ಅದಕ್ಕೂ ಹಾಕಿದೆ.

ನಾನು ಓದುವಾಗ ಹಾಗಿರಲಿಲ್ಲ. ಸನತ್‌ನಗರದ ಕಾರ್ಖಾನೆಗಳ ಹಿಂದೆ ಆಗ ಬಯಲಿತ್ತು. ಭಾನುವಾರ ಅಲ್ಲಿ ಅಲೆದು ಕಂಡದ್ದನ್ನೆಲ್ಲ ಕಿತ್ತು ತರುತ್ತಿದ್ದೆ. ಒತ್ತಲು ಯಂತ್ರ ಇರಲಿಲ್ಲವಾದ್ದರಿಂದ ಹಳೆಯ ಪೇಪರಿನಲ್ಲಿ ಮಡಿಚಿ ಅಪ್ಪನ ಗಾದಿಯ ಕೆಳಗೆ ಸೇರಿಸುತ್ತಿದ್ದೆ. ಅಪ್ಪ ಕೇಂದ್ರ ಸರಕಾರದ ಕಚೇರಿಯಲ್ಲಿದ್ದವರು, ಶಿಸ್ತಿನ ಮನುಷ್ಯ, ಸಾಕಷ್ಟು ತೂಕದವರು. ಎಂಟು ದಿನ ಉಮ್ಮತ್ತಿಯ ಮೇಲೆ ಮಲಗಿದರು. ಒಂಬತ್ತನೆಯ ದಿನ, "ಗಾದ್ಯಾಗ ತಿಗಣಿ ಆಗ್ಯಾವು" ಎಂದು ಗಾದಿ ಎತ್ತಿ ಬಿಸಿಲಿಗೆ ಹಾಕಿಸಿದರು. ನನ್ನ ಹಾಳೆಗೆ ಹತ್ತಕ್ಕೆ ಒಂಬತ್ತು ಅಂಕ ಬಂತು. ಗಿಡ ಅಷ್ಟು ಚಪ್ಪಟೆಯಾಗಿ ಯಾರದೂ ಒಣಗಿರಲಿಲ್ಲ.

ಬೀರು ತೆರೆದಾಗ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಮೇಲಿನ ಅರೆಯಲ್ಲಿ ಇಂಗ್ಲಿಷ್ ಚೀಟಿಗಳ ಹಾಳೆಗಳು, ನಡುವೆ ತೆಲುಗಿನವು. ಕೆಳಗಿನ ಅರೆಯಲ್ಲಿ, ಕೆಂಪು ಬಟ್ಟೆಯ ಗಂಟಿನಲ್ಲಿ, ಇಪ್ಪತ್ತೆರಡು ಹಾಳೆಗಳಿದ್ದವು. ಅವುಗಳ ಚೀಟಿಗಳೆಲ್ಲ ಉರ್ದುವಿನಲ್ಲಿ. ನಿಜಾಮರ ಕಾಲದಲ್ಲಿ ಈ ಶಾಲೆ ಗಂಡುಮಕ್ಕಳದಾಗಿತ್ತು, ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು ಎಂದು ಕೇಳಿದ್ದೆ. ಅದಕ್ಕೆ ಸಾಕ್ಷಿ ಕೈಗೆ ಸಿಕ್ಕದ್ದು ಅಂದೇ. ಎಂಬತ್ತು ವರ್ಷದ ಹಿಂದೆ ಯಾರೋ ಹುಡುಗ ಕಿತ್ತ ತಂಗಡಿ ಹೂವಿನಲ್ಲಿ ಇನ್ನೂ ಸ್ವಲ್ಪ ಹಳದಿ ಉಳಿದಿತ್ತು. ಇದನ್ನು ರದ್ದಿಗೆ ಹಾಕಲು ಮನಸ್ಸಾಗಲಿಲ್ಲ. ಆದರೆ ಮುಖ್ಯೋಪಾಧ್ಯಾಯಿನಿಯನ್ನು ಒಪ್ಪಿಸಲು ಚೀಟಿಗಳಲ್ಲಿ ಏನಿದೆ ಎಂದು ತಿಳಿಯಬೇಕಿತ್ತು. ನನಗೆ ಉರ್ದು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ.

ಅವ್ವನಿಗೆ ಬರುತ್ತಿತ್ತು. ಹಾಗೆಂದು ನಾವೆಲ್ಲ ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೆವು. ಕಲಬುರಗಿಯಲ್ಲಿ ಅವಳು ಉರ್ದು ಶಾಲೆಗೆ ಹೋದವಳು. ಎಂಬತ್ತು ದಾಟಿದ ಮೇಲೂ, ಯಾರು ಏನೇ ಓದಿಕೊಂಡಿರಲಿ, "ನಾ ಉರ್ದು ಕಲ್ತಾಕಿ" ಎಂಬ ಒಂದು ಮಾತಿನಿಂದ ಅವರನ್ನು ಕೂರಿಸಿಬಿಡುತ್ತಿದ್ದಳು. ಕೂಕಟ್‌ಪಲ್ಲಿಯ ಫ್ಲಾಟಿನಲ್ಲಿ ನಮ್ಮಿಬ್ಬರದೇ ಸಂಸಾರ. ಹಾಳೆಗಳನ್ನು ಮನೆಗೆ ಒಯ್ಯುವುದೆಂದು ನಿರ್ಧರಿಸಿದೆ. ಹಳೆಯ ಕಾಲದಲ್ಲಿ ಹುಳು ಬಾರದಿರಲೆಂದು ಇವಕ್ಕೆ ವಿಷ ಸವರುತ್ತಿದ್ದರಾದ್ದರಿಂದ ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ದೊಡ್ಡ ಚೀಲದಲ್ಲಿಟ್ಟುಕೊಂಡು ಮೆಟ್ರೊ ನಿಲ್ದಾಣಕ್ಕೆ ಹೋದೆ.

ಅಲ್ಲಿನ ತಪಾಸಣೆಯ ಯಂತ್ರ ನನ್ನ ಚೀಲವನ್ನು ನುಂಗಿ, ಹೊರಗೆ ಹಾಕಿ, ಮತ್ತೆ ನುಂಗಿತು. ಕಾವಲಿನ ಹೆಂಗಸು ಚೀಲ ತೆರೆಸಿದಳು. ಕವರಿನೊಳಗಿನ ಒಣ ಎಲೆಗಳನ್ನು ನೋಡಿ ನನ್ನ ಬಿಳಿಕೂದಲನ್ನು ನೋಡಿದಳು.

"ಯೇ ಕೌನ್ಸಾ ಪತ್ತಾ ಹೈ?"

ಇದು ಯಾವ ಎಲೆ ಎಂದು ಕೇಳಿದರೆ ಸುಳ್ಳು ಹೇಳುವುದು ನನ್ನ ವೃತ್ತಿಗೆ ಒಗ್ಗುವುದಿಲ್ಲ. "ಧತೂರಾ" ಎಂದೆ, ಅಮಲೇರಿಸುವ ನಮ್ಮ ಉಮ್ಮತ್ತಿ. ಅವಳು ಮೇಲಧಿಕಾರಿಯನ್ನು ಕರೆದಳು. ಆತ ಬಂದು ಒಂದೊಂದೇ ಹಾಳೆ ಎತ್ತಿ ನೋಡಿದ. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಕಡೆಗೆ ಆತ ತೆಲುಗಿನಲ್ಲಿ ಮೆಲ್ಲಗೆ, "ಗಡ್ಡಿ ಚಾಮಂತಿ ಇಲ್ಲವೇ ಮೇಡಂ?" ಎಂದು ಕೇಳಿದ. ಅದು ರಸ್ತೆ ಬದಿಯ ಪುಟ್ಟ ಹಳದಿ ಹೂವಿನ ಕಳೆ. ಇಲ್ಲ ಎಂದೆ. "ನಮ್ಮ ಕಾಲದಲ್ಲಿ ಅದೇ ಮೊದಲನೆಯ ಹಾಳೆ. ನಾನು ಅಣ್ಣನ ಫೈಲನ್ನೇ ಹೆಸರು ತಿದ್ದಿ ಕೊಟ್ಟಿದ್ದೆ, ಸಿಕ್ಕಿಬಿದ್ದೆ" ಎಂದು ಹೇಳಿ ಚೀಲವನ್ನು ತಾನೇ ಎತ್ತಿಕೊಟ್ಟ.

ಅಂದಿನಿಂದ ಸಂಜೆಗಳಲ್ಲಿ ನಮ್ಮ ಓದು ಶುರುವಾಯಿತು. ಚಹಾ ಕುಡಿದು, ಧಾರಾವಾಹಿ ಬರುವುದಕ್ಕೆ ಮೊದಲು, ಅವ್ವ ಬಾಲ್ಕನಿಯಲ್ಲಿ ಭೂತಗನ್ನಡಿ ಹಿಡಿದು ಕೂರುವಳು. ನಾನು ನೋಟುಬುಕ್ಕು, ಪೆನ್ನು ಹಿಡಿದು ಎದುರಿಗೆ. ಮೊದಲ ದಿನ ಅವಳು ಚೀಟಿಯನ್ನು ಬಹಳ ಹೊತ್ತು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಹೇಳಿದಳು:

"ದೊಡ್ಡ ಮನಿತನದ ಹುಡುಗ ಇವಾ. ನೋಡಿಲ್ಲೆ, ಖಾನದಾನ್ ಅಂತ ಬರದಾನ."

"ಮುಂದೇನೈತಿ?"

"ತಡಿ, ಓದಾಕತ್ತೀನಿ. ಹಾಂ. 'ಈ ತಂಗಡಿ ಹೂವು ಕೆರಿ ದಂಡ್ಯಾಗ ಸಿಕ್ತು. ಹರಕೊಳ್ಳೂ ಮುಂದ ಚಪ್ಪಲಿ ನೀರಾಗ ಬಿತ್ತು. ಹೂವು ಬಂತು, ಚಪ್ಪಲಿ ಬರಲಿಲ್ಲ.'"

ನಾನು ಬರೆದುಕೊಂಡೆ. ಮರುದಿನ ದಾಸವಾಳ ಓದಿದಳು: "ನವಾಬರ ತೋಟದ್ದು. ಕಾವಲಿನವ ಮಲಗಿದ್ದ. ಅಲ್ಲಾ ದೊಡ್ಡವ." ಉಮ್ಮತ್ತಿಯ ಹಾಳೆಯಲ್ಲಿ ಹೀಗಿತ್ತು: "ಮಾಸ್ತರು ತರ್ರಿ ಅಂದ್ರು, ತಂದೆ. ಮಾಸ್ತರಿಗೆ ಇದು ಯಾಕ ಬೇಕೋ ನನಗ ಗೊತ್ತಿಲ್ಲ." ಅಂದು ನಾನು ಪೆನ್ನು ಕೆಳಗಿಟ್ಟು ನಕ್ಕೆ. ಅವ್ವ ನಗಲಿಲ್ಲ, ಮುಂದಿನ ಹಾಳೆ ಎತ್ತಿಕೊಂಡಳು.

ಒಮ್ಮೆ ಮಾತ್ರ ನನಗೆ ಸಣ್ಣ ಅನುಮಾನ ಬಂತು. ಎಕ್ಕದ ಗಿಡದ ಚೀಟಿಯಲ್ಲಿ ಎರಡೇ ಸಾಲಿದ್ದವು. ಅವ್ವ ಅರ್ಧ ಪುಟದಷ್ಟು ಓದಿದ್ದಳು.

"ಎರಡು ಸಾಲಿನ್ಯಾಗ ಇಷ್ಟೆಲ್ಲ ಐತೇನವ್ವಾ?"

"ಉರ್ದು ಅಂದ್ರ ಹಂಗ. ಥೋಡೆ ಮೇ ಬಹುತ್, ಸ್ವಲ್ಪದಾಗ ಭಾಳ. ಕನ್ನಡದಂಗ ಎಳ್ಯಾಂಗಿಲ್ಲ" ಎಂದಳು.

ಮುಖ್ಯೋಪಾಧ್ಯಾಯಿನಿಗೆ ನಾನು ನೋಟುಬುಕ್ಕಿನಿಂದ ತೆಲುಗಿನಲ್ಲಿ ಓದಿ ಹೇಳಿದೆ. ಚಪ್ಪಲಿಯ ಹತ್ತಿರ ಅವರ ತುಟಿ ಅಲುಗಿತು. ಉಮ್ಮತ್ತಿಯ ಹತ್ತಿರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರು ನಕ್ಕಿದ್ದನ್ನು ಆ ಶಾಲೆಯಲ್ಲಿ ಅದುವರೆಗೆ ನೋಡಿದವರಿಲ್ಲ. ಬೀರು ಮೆಟ್ಟಿಲ ಬಳಿಗೆ ಹೋಗಲಿ, ದಸರಾ ರಜೆಗೆ ಮುಂಚಿನ ಪಾಲಕರ ದಿನ ಈ ಹಾಳೆಗಳದೇ ಒಂದು ಪ್ರದರ್ಶನ ಆಗಲಿ ಎಂದು ಅಲ್ಲಿಯೇ ಆಜ್ಞೆ ಮಾಡಿದರು.

ಒಂಬತ್ತನೆಯ ತರಗತಿಗೂ ಚೀಟಿಗಳನ್ನು ನೋಟುಬುಕ್ಕಿನಿಂದ ಓದಿ ಹೇಳಿದೆ. ಇಬ್ಬಿಬ್ಬರಿಗೆ ಒಂದೊಂದು ಹಳೆಯ ಹಾಳೆ ವಹಿಸಿ, ಅದೇ ಗಿಡ ಇವತ್ತು ಊರಿನಲ್ಲಿ ಎಲ್ಲಿದೆ ಹುಡುಕಿ, ಕಿತ್ತು, ಒಣಗಿಸಿ ತರಬೇಕೆಂದೆ. ಸಿದ್ಧ ಫೈಲು ನಡೆಯುವುದಿಲ್ಲ ಎಂದೂ ಹೇಳಿದೆ. ಗೊಣಗುತ್ತಾರೆಂದುಕೊಂಡಿದ್ದೆ, ಗೊಣಗಲಿಲ್ಲ. ಆ ಹಳೆಯ ಕಾಲದ ಹುಡುಗರ ಚೀಟಿಗಳು ಇವರ ತಲೆಗೆ ಏರಿದ್ದವು. ದಾಸವಾಳದ ಪಾಲು ಬಂದವರಲ್ಲಿ ಒಬ್ಬಳು ಎದುರು ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ನುಗ್ಗಿ ಸಿಕ್ಕಿಬಿದ್ದಳು. ಸಿಕ್ಕಿಬಿದ್ದವಳು ತಪ್ಪೊಪ್ಪಿಕೊಳ್ಳುವುದು ಬಿಟ್ಟು, "ನೀವು ಮಲಗಿರಬೇಕಿತ್ತು ಅಂಕಲ್" ಎಂದು ಕಾವಲುಗಾರನಿಗೆ ಹೇಳಿದಳಂತೆ. ಅವಳ ತಾಯಿ ನನಗೆ ಫೋನು ಮಾಡಿ, ಇದು ಯಾವ ಪಾಠದಲ್ಲಿದೆ ಎಂದು ಕೇಳಿದರು. ತರಗತಿಯ ಪ್ರತಿ ಡೆಸ್ಕಿನಲ್ಲಿ ಪೇಪರಿನ ಗಂಟು. ಮೇಲೆ ಇಟ್ಟಿಗೆ, ನಿಘಂಟು, ಒಬ್ಬನದಂತೂ ಮನೆಯಿಂದ ತಂದ ಅರೆಯುವ ಕಲ್ಲು.

ಪಾಲಕರ ದಿನ ಬಂತು. ಉದ್ದ ಹಲಗೆಗಳ ಮೇಲೆ ಇಪ್ಪತ್ತೆರಡು ಹಾಳೆಗಳು, ಪ್ರತಿಯೊಂದರ ಕೆಳಗೆ ತೆಲುಗು, ಇಂಗ್ಲಿಷಿನಲ್ಲಿ ಅನುವಾದದ ಕಾರ್ಡು. ಜನ ಓದಿ ನಗುತ್ತಿದ್ದರು. ಫೋಟೊ ತೆಗೆದುಕೊಳ್ಳುತ್ತಿದ್ದರು. ಎಂಟನೆಯ ತರಗತಿಯ ಒಬ್ಬ ಹುಡುಗಿಯ ಅಜ್ಜ ಮಾತ್ರ ನಗಲಿಲ್ಲ. ಬಿಳಿ ಅಂಗಿಯ, ದಪ್ಪ ಕನ್ನಡಕದ ಮುದುಕರು. ಪ್ರತಿ ಹಾಳೆಯ ಮುಂದೆ ನಿಂತು ಮೊದಲು ಚೀಟಿ ಓದುವರು, ಆಮೇಲೆ ಕಾರ್ಡು ಓದುವರು, ಮತ್ತೆ ಚೀಟಿ ಓದುವರು. ಉರ್ದು ಶಾಲೆಯಲ್ಲಿ ಮಾಸ್ತರಾಗಿ ನಿವೃತ್ತರಾದವರೆಂದು ಮೊಮ್ಮಗಳು ಹೆಮ್ಮೆಯಿಂದ ಹೇಳಿದಳು. ನನಗೆ ಎಕ್ಕದ ಚೀಟಿಯ ಎರಡು ಸಾಲು ನೆನಪಾದವು.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಅವರ ಬಳಿ ಹೋಗಿ, "ಅನುವಾದ ಹೇಗಿದೆ ಸಾರ್?" ಎಂದು ಕೇಳಿಯೇಬಿಟ್ಟರು.

ಮುದುಕರು ನನ್ನತ್ತ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ. "ತರ್ಜುಮಾ ಬಹುತ್ ಖೂಬ್ ಹೈ. ಅಸಲ್ ಸೇ ಭೀ ಬೆಹತರ್" ಎಂದರು. ಅನುವಾದ ತುಂಬ ಚೆನ್ನಾಗಿದೆ, ಮೂಲಕ್ಕಿಂತ ಉತ್ತಮ. ಮುಖ್ಯೋಪಾಧ್ಯಾಯಿನಿ ಸಂತೋಷದಿಂದ ಬೇರೆಯವರತ್ತ ಸರಿದರು. ಅವರು ದೂರವಾದ ಮೇಲೆ ಮುದುಕರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬೇಟಿ, ಯೇ ಕಿಸ್ಕೀ ಶರಾರತ್ ಹೈ?" ಎಂದರು. ಇದು ಯಾರ ಕಿತಾಪತಿ ಎಂದು.

ಅವರು ಉಮ್ಮತ್ತಿಯ ಚೀಟಿ ಓದಿ ಹೇಳಿದರು. "ಧತೂರಾ. ರಸ್ತೆಯ ಬದಿ. ಸರಿಯಾಗಿ ಒತ್ತಿಲ್ಲ. ಮತ್ತೆ ಮಾಡಿ ತರುವುದು." ತಂಗಡಿಯದು: "ಬೇರು ಎಲ್ಲಿ?" ಅಷ್ಟೇ. ದಾಸವಾಳದ್ದು: "ಎಲೆ ಒಂದು ಗಿಡದ್ದು, ಹೂವು ಇನ್ನೊಂದರದು. ನಾನು ಕುರುಡನೆಂದು ತಿಳಿದಿದ್ದೀಯಾ?" ಕೆಂಪು ಮಸಿಯ ಆ ಸಾಲುಗಳೆಲ್ಲ ಆ ಹುಡುಗರ ಮಾಸ್ತರರವು. ಇನ್ನು ಪ್ರತಿ ಚೀಟಿಯಲ್ಲೂ ಇದ್ದ ಖಾನದಾನ್ ಎಂಬ ಪದ. ಗಿಡಗಳ ಕುಟುಂಬಕ್ಕೆ ಉರ್ದುವಿನಲ್ಲಿ ಅನ್ನುವುದೇ ಹಾಗೆ. ಮೂವತ್ತು ವರ್ಷ ಮಕ್ಕಳಿಗೆ ಸಸ್ಯಕುಟುಂಬಗಳನ್ನು ಬಾಯಿಪಾಠ ಮಾಡಿಸಿದ ನನಗೆ ಅದು ಹೊಳೆಯದೆ, ಇಪ್ಪತ್ತೆರಡೂ ಹುಡುಗರು ದೊಡ್ಡ ಮನೆತನದವರೆಂದು ನಂಬಿದ್ದೆ.

 ಸಂಜೆ ಎಲ್ಲರೂ ಹೋದ ಮೇಲೆ ಮುಖ್ಯೋಪಾಧ್ಯಾಯಿನಿಗೆ ನಿಜ ಹೇಳಿದೆ. ಅವರು, "ಚಪ್ಪಲಿಯೂ ಸುಳ್ಳೇ?" ಎಂದು ಕೇಳಿದರು. ಹೌದೆಂದೆ. "ರಜೆ ಮುಗಿದ ಮೇಲೆ ಸರಿಪಡಿಸಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವ್ವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಅವ್ವ ಬಾಗಿಲು ತೆರೆದು, ನನ್ನ ಮುಖ ನೋಡಿ, "ಯಾರರೆ ಉರ್ದು ಬರುವವರು ಬಂದಿದ್ರೇನು?" ಎಂದಳು.

ಜೋಡಿಸಿದ್ದೆಲ್ಲ ಮರೆತುಹೋಯಿತು. "ಯಾಕವ್ವಾ ಹಿಂಗ ಮಾಡಿದಿ?"

"ನಾ ಕಲ್ತಿದ್ದು ನಾಕನೇ ಇಯತ್ತೆ ತನಕಾ. ಅಲಿಫ್, ಬೇ ಬರತಾವ, ಅಚ್ಚಿನ ಅಕ್ಷರಾ ಬರತಾವ. ಆ ಮಾಸ್ತರ ಕೈ ಬರಹ ನೋಡಿದ್ರ ಇರುವಿ ಹರದಂಗ ಐತಿ. ಮ್ಯಾಲ ಕಣ್ಣಾಗ ಪೊರಿ."

"ಹಂಗಂತ ಮೊದಲ ದಿನಾನ ಹೇಳಬೇಕಿತ್ತಲ್ಲ."

"ಹೇಳಬೇಕಂತ ಬಾಯಿ ತಗದೆ. ನೀ ಎದುರಿಗೆ ಪೆನ್ನು ಹಿಡಕೊಂಡು ಕುಂತಿದ್ದಿ, ಶಾಣ್ಯಾ ಹುಡುಗಿಯಂಗ. ನನ್ನ ಮಾತು ಯಾರರೆ ಬರಕೋಳಾಕ ಕುಂತದ್ದು ಅದ ಮೊದಲು. ಹೆಂಗ ಬಿಡ್ಲಿ?" ಎಂದಳು. ಆಮೇಲೆ, ಸೋತವಳಂತೆ ಕಾಣಬಾರದೆಂದೋ ಏನೋ, "ಬೀರು ಉಳೀತೋ ಇಲ್ಲೋ?" ಎಂದು ಸೇರಿಸಿದಳು.

ಉಳಿದಿತ್ತು. ಚಪ್ಪಲಿ ಬಿಟ್ಟು ಒಳಗೆ ನಡೆದೆ.

ರಜೆಯಲ್ಲಿ ಆ ಮುದುಕರನ್ನು ಚಹಾಕ್ಕೆ ಕರೆದೆ. ಎಲ್ಲ ಚೀಟಿಗಳನ್ನು ಸರಿಯಾಗಿ ಓದಿಸಿಕೊಳ್ಳುವುದು ನನ್ನ ಉದ್ದೇಶ. ಈ ಕಿತಾಪತಿಯ ಒಡತಿಯನ್ನು ನೋಡುವುದು ಅವರ ಉದ್ದೇಶ. ಅವ್ವ ಇಳಕಲ್ ಸೀರೆ ಉಟ್ಟು, ಭೂತಗನ್ನಡಿ ಕೈಯಲ್ಲಿ ಹಿಡಿದೇ ಬಂದು ಕೂತಳು. ಅವರು ಓದುತ್ತ ಹೋದಂತೆ ಅವಳು ಅಡ್ಡ ಬಾಯಿ ಹಾಕಿದಳು. "ಮತ್ತೆ ತರುವುದು ಅಂತ ಅಲ್ಲರಿ ಅದು, ನೀವು ಸರಿ ನೋಡ್ರಿ" ಎಂದು ಅವರನ್ನೇ ತಿದ್ದಿದಳು. ಆಕೆಯ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧಕ್ಕೆ ಅವಳು ದಖನಿ ಉರ್ದುವಿಗೆ ಹೊರಳುತ್ತಿದ್ದಳು. ಅವರು ತಾಳ್ಮೆಯಿಂದ ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು, ಮಕ್ಕಳಿಗೆ ತೋರಿಸುವ ಹಾಗೆ.

ತುಂಬೆಯ ಹಾಳೆ ಬಂದಾಗ ಅವರು, "ಇದರಲ್ಲಿ ಹೆಸರು ಮತ್ತು ಸ್ಥಳ ಮಾತ್ರ ಇದೆ, ಬೇರೇನಿಲ್ಲ" ಎಂದರು.

"ಹಿಂದ ತಿರುವಿ ನೋಡ್ರಿ" ಎಂದಳು ಅವ್ವ.

ತಿರುವಿದರು. ಹಾಳೆಯ ಹಿಂಬದಿಯ ಕೆಳಮೂಲೆಯಲ್ಲಿ, ಪೆನ್ಸಿಲಿನಲ್ಲಿ, ದುಂಡಗೆ ಬಿಡಿಬಿಡಿಯಾಗಿ ಒಂದು ಸಾಲಿತ್ತು. ಎಳೆಯ ಕೈಯ ಬರಹ. ಮುದುಕರು ಓದಿ, ಕನ್ನಡಕ ಸರಿಪಡಿಸಿಕೊಂಡು, ಮತ್ತೊಮ್ಮೆ ಗಟ್ಟಿಯಾಗಿ ಓದಿದರು. "ಇದನ್ನು ನಾನು ಕಿತ್ತಿಲ್ಲ. ನನ್ನ ತಂಗಿ ಕಿತ್ತು ಒಣಗಿಸಿದ್ದು. ಅಂಕ ಮಾತ್ರ ನನ್ನದು."

ನನ್ನ ನೋಟುಬುಕ್ಕಿನಲ್ಲಿ ಇದೇ ಮಾತು ಇತ್ತು, ಅಕ್ಷರಕ್ಕೆ ಅಕ್ಷರ. ಅವ್ವನ ಕಲ್ಪನೆಗಳಲ್ಲೆಲ್ಲ ಇದೇ ಹೆಚ್ಚು ಹುಸಿ ಎಂದು ನಾನು ಹಿಂದಿನ ದಿನವಷ್ಟೇ ಅದರ ಮೇಲೆ ಅಡ್ಡಗೆರೆ ಎಳೆದಿದ್ದೆ.

"ಇದು ನಿನಗ ಓದಾಕ ಬಂತೇನು?" ಎಂದೆ.

"ದೊಡ್ಡ ಅಕ್ಷರ ಅದಾವಲ್ಲ" ಎಂದಳು. ಆಮೇಲೆ, "ನಾನೂ ನಮ್ಮಣ್ಣಗ ಗಿಡಾ ಭಾಳ ಹರಕೊಟ್ಟೀನಿ. ಅವನ ಮಾಸ್ತರು ಅವಗ ಶಾಬಾಸ್ ಅಂದಿದ್ರಂತ" ಎಂದಳು. ಮುದುಕರು ಚಹಾದ ಕಪ್ಪನ್ನು ಕೆಳಗಿಟ್ಟು, ಬಲಗೈಯನ್ನು ಹಣೆಯತ್ತ ಎತ್ತಿ ಅವಳಿಗೆ ಆದಾಬ್ ಮಾಡಿದರು. ಅವ್ವ ಅದನ್ನು ತನ್ನ ಹಕ್ಕೆಂಬಂತೆ ಸ್ವೀಕರಿಸಿ, ಚಕ್ಕಲಿಯ ತಟ್ಟೆಯನ್ನು ಅವರತ್ತ ದೂಡಿದಳು.

ರಜೆ ಮುಗಿದ ಮೇಲೆ ಹೊಸ ಕಾರ್ಡುಗಳನ್ನು ಬರೆದು ಬೀರುವಿನ ಪಕ್ಕದ ಹಲಗೆಗೆ ಅಂಟಿಸಿದೆ. ಮಕ್ಕಳಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಕೆಲವರಿಗೆ ಬೇಸರವಾಯಿತು, ಹೆಚ್ಚಿನವರಿಗೆ ಅವ್ವನನ್ನು ನೋಡಬೇಕೆನಿಸಿತು. ದಾಸವಾಳದ ಹುಡುಗಿ, ಮಾಸ್ತರರ ಕೆಂಪು ಮಸಿಯ ಬೈಗುಳವೇ ಚೆನ್ನಾಗಿದೆ ಎಂದಳು. ಎಂಬತ್ತು ವರ್ಷದ ಹಿಂದೆಯೂ ಹುಡುಗರು ಬೇರೆ ಗಿಡದ ಹೂವು ಅಂಟಿಸಿ ಸಿಕ್ಕಿಬೀಳುತ್ತಿದ್ದರು ಎಂಬುದು ಅವಳಿಗೆ ದೊಡ್ಡ ಸಮಾಧಾನ ತಂದಿತ್ತು.

ಮುಖ್ಯೋಪಾಧ್ಯಾಯಿನಿ ಬಂದು ಹಲಗೆಯನ್ನು ಮೇಲಿನಿಂದ ಕೆಳಗೆ ನೋಡಿದರು. "ನಿಜ ಇಷ್ಟು ಚಿಕ್ಕದಾ, ಮೇಡಂ?" ಎಂದರು. ಅರ್ಧಕ್ಕರ್ಧ ಖಾಲಿ ಉಳಿದಿತ್ತು. ಅಲ್ಲಿ ಮಕ್ಕಳ ಹಾಳೆ ಹಚ್ಚಿಸುತ್ತೇನೆ ಎಂದೆ. ಮಧ್ಯಾಹ್ನವೇ ಮೊದಲನೆಯದು ಬಂತು, ಇನ್ನೊಬ್ಬ ಹುಡುಗಿಯದು. ಹತ್ತಿರ ಹೋಗಿ ಓದಿದೆ. ಗಿಡದ ಹೆಸರು, ಕುಟುಂಬ, ಸ್ಥಳ ಎಲ್ಲ ಸರಿಯಾಗಿತ್ತು. ಕೆಳಗೆ ಆ ಹುಡುಗಿ ಬರೆದಿದ್ದಳು: "ಉತ್ತರಾಣಿ. ಕೂಕಟ್‌ಪಲ್ಲಿ ಬಸ್ ಸ್ಟಾಪಿನ ಹಿಂದೆ. ಇದನ್ನು ನಾನು ಹುಡುಕಲಿಲ್ಲ. ನನ್ನ ಚೂಡಿದಾರಕ್ಕೆ ಕಚ್ಚಿಕೊಂಡು ತಾನೇ ಮನೆಗೆ ಬಂತು."